ಹರ್ನ್ ಮೇಷ್ಟರ ಜಪಾನಿ

ಇಂಗ್ಲಿಷ್ ಕಲಿಸಲು ಜಪಾನಿಗೆ ಹೋಗುವ ತರುಣರು ಈಗ ಕಡಮೆಯಿಲ್ಲ. 1987ರಲ್ಲಿ ಆರಂಭವಾದ 'ಜೆಟ್' ಯೋಜನೆಯ ಮೂಲಕ ಅಲ್ಲಿನ ಸರಕಾರದವರೇ ಹೊರದೇಶದ ಪದವೀಧರರನ್ನು ಕರೆಸಿ, ಸಣ್ಣ ಊರುಗಳ ಶಾಲೆಗಳಲ್ಲಿಯೂ ಸಹಾಯಕ ಅಧ್ಯಾಪಕರನ್ನಾಗಿ ಇರಿಸುತ್ತಾರೆ. ಇವರಿಗೆ ಮೊದಲೇ ಜಪಾನಿ ಬರಬೇಕೆಂಬ ಕಟ್ಟಳೆಯಿಲ್ಲ. ಊರಿನಲ್ಲಿದ್ದರೆ ಊರ ಮಾತು ತಾನಾಗಿ ಬರುತ್ತದೆಂದು ನಾವೂ ಎಣಿಸಿದ್ದೆವು. ಹಾಗೇನಿಲ್ಲವಂತೆ. ತರಗತಿಯಲ್ಲಿ ಇಂಗ್ಲಿಷನ್ನೇ ಆಡಬೇಕು, ಸಂಬಳ ಅದಕ್ಕೇ. ಹೊರಗೆ ಸಿಕ್ಕವರೂ ತಮ್ಮ ಇಂಗ್ಲಿಷನ್ನೇ ತಿದ್ದಿಕೊಳ್ಳಲು ನೋಡುತ್ತಾರೆ. ಸಂಜೆ ತಮ್ಮವರೇ ನಾಲ್ವರು ಕೂಡಿದರೆಂದರೆ ತೀರಿತು!

ಇದೇ ಉದ್ಯೋಗದ ಹಳೆಯ ಮೇಷ್ಟರೊಬ್ಬರ ಸಂಸಾರದ ಕತೆ ಸೊಗಸಾಗಿದೆ. ಲಫ್ಕಾಡಿಯೊ ಹರ್ನ್ 1890ರಲ್ಲಿ ಮಾತ್ಸುಎ ಎಂಬ ಊರಿನ ಶಾಲೆಗೆ ಇಂಗ್ಲಿಷ್ ಅಧ್ಯಾಪಕರಾಗಿ ಬಂದರು. ಆಗ ವಯಸ್ಸು ನಲವತ್ತು. ಒಂದು ಕಣ್ಣು ಹೋಗಿತ್ತು, ಇನ್ನೊಂದು ಮಂದ. ಬಡತನಕ್ಕಿಳಿದಿದ್ದ ಸಾಮುರಾಯಿ ಮನೆತನದ ಸೆತ್ಸು ಎಂಬಾಕೆಯನ್ನು ಕೈಹಿಡಿದರು. ಆಕೆಗೆ ಇಂಗ್ಲಿಷ್ ಬಾರದು, ಇವರಿಗೆ ಜಪಾನಿ ಬಾರದು. ಗಂಡ ಹೇಳಿಕೊಟ್ಟ ಇಂಗ್ಲಿಷ್ ಶಬ್ದಗಳನ್ನು ಆಕೆ ಕಿವಿಗೆ ಬಿದ್ದ ಹಾಗೆ ಜಪಾನಿ ಅಕ್ಷರಗಳಲ್ಲಿ ಬರೆದಿಟ್ಟುಕೊಂಡ ನೋಟುಬುಕ್ಕು ಉಂಟು. ಆದರೆ ಸಂಸಾರ ಸಾಗಿದ್ದು ಬೇರೊಂದು ಮಾತಿನಲ್ಲಿ. ಜಪಾನಿಯಲ್ಲೂ ಕನ್ನಡದಂತೆ ನಾಮಪದದ ತುದಿಗೆ ಪ್ರತ್ಯಯ, ವಾಕ್ಯದ ಕೊನೆಗೆ ಕ್ರಿಯಾಪದ. ಹರ್ನ್ ಪ್ರತ್ಯಯಗಳನ್ನು ಬಿಟ್ಟು, ಕ್ರಿಯಾಪದದ ರೂಪವನ್ನೂ ಬದಲಿಸದೆ, 'ನಾನು ಮನೆ ಹೋಗು' ಎಂಬ ಧಾಟಿಯಲ್ಲಿ ಮಾತಾಡುತ್ತಿದ್ದರು. ಹೆಂಡತಿಯೂ ಅದರಲ್ಲೇ ಉತ್ತರ ಕೊಡತೊಡಗಿದರು. 'ಹೆರುನ್ ಸಾನರ ಮಾತು' ಎಂದೇ ಅದಕ್ಕೆ ಹೆಸರಾಯಿತು.

ವಾಚಕರು ನಗಬಾರದು. ಆ ಮುರುಕು ಮಾತಿನಲ್ಲೇ ಸೆತ್ಸು, ರಾತ್ರಿ ದೀಪ ತಗ್ಗಿಸಿ, ಹಳೆಯ ದೆವ್ವದ ಕತೆಗಳನ್ನು ಹೇಳುತ್ತಿದ್ದರು. ಪುಸ್ತಕ ಹಿಡಿದು ಓದಕೂಡದು, ನಿನ್ನದೇ ಮಾತಿನಲ್ಲಿ ಹೇಳಬೇಕು ಎಂದು ಗಂಡನ ಹಟ. ಅಂಥ ಕತೆಗಳನ್ನು ಹರ್ನ್ ಇಂಗ್ಲಿಷಿನಲ್ಲಿ ಬರೆದ 'ಕ್ವೈದಾನ್' 1904ರಲ್ಲಿ ಅಚ್ಚಾಯಿತು. ಅದೇ ವರ್ಷ ಅವರು ತೀರಿಕೊಂಡರು. 1896ರಲ್ಲೇ ಜಪಾನಿನ ಪ್ರಜೆಯಾಗಿ, ಹೆಂಡತಿಯ ಮನೆತನದ ಹೆಸರನ್ನು ಇಟ್ಟುಕೊಂಡಿದ್ದ ಮನುಷ್ಯ. ತೋಕಿಯೊ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದವರು. ಆದರೂ ಜಪಾನಿ ಗ್ರಂಥಗಳನ್ನು ತಾವೇ ಓದಿಕೊಳ್ಳುವಷ್ಟು ಭಾಷೆ ಅವರಿಗೆ ಕೊನೆಯವರೆಗೂ ಬರಲಿಲ್ಲ. ಬೇಸಗೆಯಲ್ಲಿ ಯಾಇಜು ಕಡಲತೀರಕ್ಕೆ ಹೋದಾಗ ಮಾತ್ರ ಹೆಂಡತಿಗೆ ಆ ಮನೆಮಾತಿನಲ್ಲೇ, ಜಪಾನಿ ಅಕ್ಷರಗಳಲ್ಲೇ ಕಾಗದ ಬರೆಯುತ್ತಿದ್ದರು. ಹಿರಿಯ ಮಗನಿಗೋ, ದಿನವೂ ಎದುರಿಗೆ ಕೂರಿಸಿಕೊಂಡು ಇಂಗ್ಲಿಷ್ ಕಲಿಸಿದರು. ಆ ವಿಷಯದಲ್ಲಿ ರಿಯಾಯಿತಿ ಇರಲಿಲ್ಲ.

ಇದನ್ನೋದಿ ನಮಗೆ ಕೊಂಚ ನಾಚಿಕೆಯಾಯಿತು. ಮುಂಬಯಿಗೆ ಬಂದು ಹನ್ನೆರಡು ವರುಷ. ನಾವು ಬಿ.ಎ.; ಕಚೇರಿಯಲ್ಲಿ ಇಂಗ್ಲಿಷ್, ಸಂಜೆ ಸಂಘದಲ್ಲಿ ಕನ್ನಡ. ನಮ್ಮಾಕೆ ತರಕಾರಿಯವಳೊಡನೆ, ನೆರೆಮನೆಯ ಆಜಿಯೊಡನೆ ಲಿಂಗ ವಚನಗಳ ಗೊಡವೆಯಿಲ್ಲದೆ ಮರಾಠಿ ಆಡುತ್ತಾಳೆ. ಅದನ್ನು ಕೇಳಿ ನಾವು ಎಷ್ಟೋ ಸಲ ನಕ್ಕದ್ದುಂಟು. ಹೋದ ವಾರ ಮೆಟ್ಟಿಲ ಬಳಿ ಆ ಆಜಿ ನಮ್ಮನ್ನೇ ನಿಲ್ಲಿಸಿ ಏನೋ ಕೇಳಿದರು, ಕಣ್ಣಲ್ಲಿ ನೀರಿತ್ತು. ನಾವು ಒಳಗೆ ತಿರುಗಿ ನಮ್ಮಾಕೆಯನ್ನು ಕೂಗಿದೆವು.