ಗೆದ್ದವರೇ ಏಕೆ ಪ್ರಶ್ನೆ ಕೇಳಬೇಕು?

ರಾತ್ರಿ ಒಂಬತ್ತೂವರೆ. ಮೆಸ್‌ನಲ್ಲಿ ಅನ್ನ ಸಾರು ಮುಗಿಸಿ ರೂಮಿಗೆ ಬರುವಷ್ಟರಲ್ಲಿ ಫೋನ್ ಸದ್ದು ಮಾಡುತ್ತದೆ. ನಮ್ಮ ಕ್ವಿಜ್ ಗುಂಪಿನ ಆ ದಿನದ ಪ್ರಶ್ನೆ ಬಂದಿರುತ್ತದೆ. ಇಂಟರ್ನಲ್ಸ್ ಇರಲಿ, ಲ್ಯಾಬ್ ರೆಕಾರ್ಡ್ ಬರೆಯುವುದಿರಲಿ, ಆ ಹತ್ತು ನಿಮಿಷ ಅದಕ್ಕೇ ಮೀಸಲು.

ಗುಂಪಿನಲ್ಲಿರುವುದು ಹದಿನಾಲ್ಕು ಜನ. ಮೊದಲು ಕ್ಯಾಂಟೀನ್ ಹಿಂದಿನ ಕಟ್ಟೆಯ ಮೇಲೆ ಕುಳಿತು ಆಡುತ್ತಿದ್ದೆವು. ಹುಡುಗಿಯರ ಹಾಸ್ಟೆಲ್ ಗೇಟ್ ಏಳಕ್ಕೇ ಮುಚ್ಚುವುದರಿಂದ ಅವರು ಆಟದ ನಡುವೆಯೇ ಎದ್ದು ಓಡಬೇಕಾಗುತ್ತಿತ್ತು. ಹಾಗಾಗಿ ಆಟವನ್ನು ವಾಟ್ಸ್‌ಆ್ಯಪ್‌ಗೆ ತಂದೆವು. ನಿಯಮ ಒಂದೇ: ಮೊದಲು ಸರಿಯುತ್ತರ ಹಾಕಿದವರು ಮರುದಿನ ಪ್ರಶ್ನೆ ಹಾಕಬೇಕು. ಕೇಳಲು ಎಷ್ಟು ನ್ಯಾಯವಾಗಿದೆ ಅಲ್ಲವೇ? ನನಗೂ ಹಾಗೇ ಅನ್ನಿಸಿತ್ತು. ಏಕೆಂದರೆ ಹೆಚ್ಚು ಗೆಲ್ಲುತ್ತಿದ್ದ ಮೂವರಲ್ಲಿ ನಾನೂ ಒಬ್ಬ.

ಎರಡು ತಿಂಗಳಾದ ಮೇಲೆ ಸಿವಿಲ್ ವಿಭಾಗದ ಗೆಳತಿಯೊಬ್ಬಳು ಗುಂಪಿನಲ್ಲಿ ಒಂದು ಸಾಲು ಬರೆದಳು: 'ಹಳೇ ಪ್ರಶ್ನೆಗಳನ್ನೆಲ್ಲ ಒಂದ್ಸಲ ಮೇಲಕ್ಕೆ ಎಳೆದು ನೋಡಿ, ಯಾರ್ಯಾರು ಕೇಳಿದ್ದಾರೆ ಅಂತ.' ನೋಡಿದೆವು. ಮುಕ್ಕಾಲು ಪಾಲು ಪ್ರಶ್ನೆಗಳು ನಮ್ಮ ಮೂವರವೇ. ನಾನು ಎಲೆಕ್ಟ್ರಿಕಲ್, ಇನ್ನಿಬ್ಬರು ಕಂಪ್ಯೂಟರ್ ಸೈನ್ಸ್. ನಾನು ಕೇಳುತ್ತಿದ್ದುದು ಕ್ರಿಕೆಟ್ ಮತ್ತು ರಾಕೆಟ್. ಅವರಿಬ್ಬರು ಕೇಳುತ್ತಿದ್ದುದು ಇಂಗ್ಲಿಷ್ ಸಿನಿಮಾ, ಯುರೋಪಿನ ಫುಟ್‌ಬಾಲ್ ಕ್ಲಬ್‌ಗಳು, ಕಾರು ರೇಸು. ನಾವು ಕೇಳುವುದು ನಮಗೆ ಗೊತ್ತಿರುವುದನ್ನು, ಅದನ್ನು ಬಲ್ಲವರು ನಮ್ಮಂಥವರೇ, ಹಾಗಾಗಿ ಗೆಲ್ಲುವವರೂ ನಾವೇ. ನಾಳೆ ಮತ್ತೆ ಕೇಳುವವರೂ ನಾವೇ. ಉಳಿದ ಹನ್ನೊಂದು ಜನ ಪ್ರೇಕ್ಷಕರು. 'ಸಾಮಾನ್ಯ ಜ್ಞಾನ' ಎಂದು ಹೆಸರಿಟ್ಟುಕೊಂಡು ನಾವು ಮೂವರ ಜ್ಞಾನವನ್ನು ತಿರುಗಿಸಿ ಮುರುಗಿಸಿ ಹಂಚುತ್ತಿದ್ದೆವು.

ಇನ್ನೊಂದು ವಿಷಯ ಆಮೇಲೆ ಗೊತ್ತಾಯಿತು. ಆ ಗೆಳತಿಗೆ ಎಷ್ಟೋ ಉತ್ತರಗಳು ಗೊತ್ತಿದ್ದವಂತೆ. ಅವರ ಹಾಸ್ಟೆಲ್‌ನಲ್ಲಿ ಸಿಗ್ನಲ್ ಸಿಗುವುದು ಮೆಟ್ಟಿಲ ಬಳಿ ಮಾತ್ರ. ಅವಳು ಇಳಿದು ಬಂದು ಕಳಿಸುವಷ್ಟರಲ್ಲಿ ನಾವು ಒಬ್ಬರಿಗೊಬ್ಬರು ಚಪ್ಪಾಳೆ ಹಾಕಿ ಮುಗಿಸಿರುತ್ತಿದ್ದೆವು.

ಅವಳ ಸಲಹೆ ಹೀಗಿತ್ತು: ಹಾಜರಿ ಪಟ್ಟಿಯಂತೆ ಹೆಸರುಗಳನ್ನು ಬರೆದುಕೊಂಡು ದಿನಕ್ಕೊಬ್ಬರು ಪ್ರಶ್ನೆ ಹಾಕೋಣ. ಗೆದ್ದರೂ ಸೋತರೂ ಸರದಿ ಬಂದೇ ಬರುತ್ತದೆ. ತೊಂದರೆಯಿದ್ದರೆ ಬೇರೆಯವರೊಡನೆ ದಿನ ಬದಲಿಸಿಕೊಳ್ಳಬಹುದು, ತಪ್ಪಿಸಿಕೊಳ್ಳುವಂತಿಲ್ಲ. ಉತ್ತರವನ್ನು ಗುಂಪಿಗೆ ಹಾಕದೆ ಪ್ರಶ್ನೆ ಹಾಕಿದವರಿಗೇ ಕಳಿಸಬೇಕು, ಮರುದಿನ ಬೆಳಿಗ್ಗೆ ಎಂಟರವರೆಗೆ ಸಮಯ.

ನಾನು ವಿರೋಧಿಸಿದೆ. ಒಳ್ಳೆಯ ಪ್ರಶ್ನೆ ಮಾಡುವುದು ಎಲ್ಲರಿಗೂ ಬರುವುದಿಲ್ಲ, ಗುಣಮಟ್ಟ ಬಿದ್ದುಹೋಗುತ್ತದೆ, ಗೆದ್ದವರಿಗೆ ಏನು ಸಿಕ್ಕ ಹಾಗಾಯಿತು ಎಂದೆಲ್ಲ ಉದ್ದುದ್ದ ಬರೆದೆ. ಅದಕ್ಕೆ ಅವಳು ವಾದ ಮಾಡಲಿಲ್ಲ. ಹಿಂದಿನ ವಾರ ನಾನು ಹಾಕಿದ್ದ ಪ್ರಶ್ನೆಯನ್ನು ಎತ್ತಿ ತಂದಳು.

ಆ ಪ್ರಶ್ನೆ: ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ ಯಾವುದು? ನಾನು ಕೊಟ್ಟಿದ್ದ ಉತ್ತರ ಶಿವನಸಮುದ್ರ, 1902. ನಾನು ಮಳವಳ್ಳಿ ತಾಲ್ಲೂಕಿನವನು. ಚಿಕ್ಕಂದಿನಿಂದ ಕೇಳಿದ್ದು ಅದನ್ನೇ, ಗೈಡ್‌ಗಳಲ್ಲಿ ಓದಿದ್ದೂ ಅದನ್ನೇ. ಅವಳು ಬರೆದಿದ್ದು ಇಷ್ಟು: 'ಡಾರ್ಜಿಲಿಂಗ್ ಹತ್ತಿರದ ಸಿದ್ರಾಪಾಂಗ್, 1897.' ಹುಡುಕಿ ನೋಡಿದೆ, ಅವಳು ಹೇಳಿದ್ದು ಸರಿ. ಅಷ್ಟೇ ಅಲ್ಲ, ಜಪಾನಿನ ಕ್ಯೋಟೊದಲ್ಲಿ 1891ರಲ್ಲೇ ನೀರಿನಿಂದ ವಿದ್ಯುತ್ ತೆಗೆಯುತ್ತಿದ್ದರು. ನನ್ನ ಉತ್ತರ ಏಷ್ಯಾಕ್ಕಿರಲಿ, ಭಾರತಕ್ಕೂ ನಿಲ್ಲಲಿಲ್ಲ. ನಮ್ಮ ಕಡೆ ಶಿವನಸಮುದ್ರವನ್ನು 'ಬ್ಲಫ್' ಎನ್ನುತ್ತಾರೆ. ಗುಂಪಿನಲ್ಲಿ ಒಬ್ಬ ಆ ದಿನದಿಂದ ನನ್ನನ್ನು ಅದೇ ಹೆಸರಿನಿಂದ ಕರೆಯತೊಡಗಿದ. ಎಲೆಕ್ಟ್ರಿಕಲ್ ಓದುವವನಿಗೆ ಇದಕ್ಕಿಂತ ಅವಮಾನ ಬೇಕೇ?

ಆದರೆ ನನ್ನನ್ನು ಕಾಡಿದ್ದು ಬೇರೆ. ಆ ಪ್ರಶ್ನೆ ಹಾಕಿದ ದಿನ ಐದು ಜನ 'ಶಿವನಸಮುದ್ರ' ಎಂದು ಉತ್ತರಿಸಿದ್ದರು. ನಾನು 'ಸರಿ' ಎಂದಿದ್ದೆ. ಕೇಳುವವನ ಕೈಯಲ್ಲಿ ಆ ಅಧಿಕಾರ ಇರುತ್ತದೆ. ಅವನು ತಪ್ಪಿದರೆ ಸರಿಯಾಗಿ ಓದಿಕೊಂಡವರೇ ಸೋಲುತ್ತಾರೆ. ಇದು ಹಾಸ್ಟೆಲ್ ಆಟಕ್ಕೆ ಮಾತ್ರ ಸಂಬಂಧಿಸಿದ್ದಲ್ಲ ಎಂದು ಉದ್ಯೋಗ ಹುಡುಕುತ್ತಿರುವ ಓದುಗರಿಗೆ ನಾನು ಹೇಳಬೇಕಿಲ್ಲ. 2024ರ ಆಗಸ್ಟ್‌ನಲ್ಲಿ ನಡೆದ ಕೆಎಎಸ್ ಪೂರ್ವಭಾವಿ ಪರೀಕ್ಷೆಯನ್ನು ಪ್ರಶ್ನೆಗಳ ಕನ್ನಡ ಅನುವಾದದಲ್ಲಿದ್ದ ತಪ್ಪುಗಳಿಂದಾಗಿ ಅದೇ ಡಿಸೆಂಬರ್‌ನಲ್ಲಿ ಮತ್ತೆ ನಡೆಸಬೇಕಾಯಿತಲ್ಲ.

ಕೊನೆಗೆ ಸರದಿ ನಿಯಮಕ್ಕೆ ಒಪ್ಪಿದೆವು. ಜೊತೆಗೆ ಇನ್ನೊಂದು ಸೇರಿಸಿದೆವು: ಪ್ರಶ್ನೆ ಹಾಕುವವರು ಉತ್ತರವನ್ನು ಎರಡು ಕಡೆ ಪರಿಶೀಲಿಸಿರಬೇಕು. 'ಮೊದಲ', 'ಅತಿ ದೊಡ್ಡ', 'ಏಕೈಕ' ಎಂಬ ಪದ ಬಂದರಂತೂ ಮೂರು ಕಡೆ.

ಮೊದಲ ಎರಡು ವಾರ ಬೇಸರವಾಯಿತು, ಸುಳ್ಳು ಹೇಳುವುದಿಲ್ಲ. ಒಬ್ಬ ಯಾವುದೋ ದೇಶದ ಕರೆನ್ಸಿ ಕೇಳಿದ. ಇನ್ನೊಬ್ಬ ಎಐಗೆ ಹೇಳಿ ಹತ್ತು ಪ್ರಶ್ನೆ ಒಟ್ಟಿಗೆ ಮಾಡಿಸಿಕೊಂಡು ಬಂದ, ಪರಿಶೀಲಿಸಿದರೆ ಅದರಲ್ಲಿ ಎರಡರ ಉತ್ತರವೇ ತಪ್ಪು. ಒಬ್ಬಳು ಒಂದು ಕಾದಂಬರಿಯಲ್ಲಿ ಒಂದೇ ಸಲ ಬರುವ ಪಾತ್ರದ ಹೆಸರು ಕೇಳಿದಳು. ಪುಸ್ತಕ ಓದಿದವರಿಗೇ ನೆನಪಿರದ ಹೆಸರು ಅದು. ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ಯೋಚಿಸಲು ಅದರಲ್ಲಿ ಏನೂ ಇಲ್ಲ. ನಮ್ಮ ಮೂವರಲ್ಲಿ ಅತ್ಯುತ್ತಮ ಆಟಗಾರ ಎನಿಸಿಕೊಂಡಿದ್ದವನು 'ಇದು ಕ್ವಿಜ್ ಅಲ್ಲ, ಮೀಸಲಾತಿ' ಎಂದು ಬರೆದು ಗುಂಪು ಬಿಟ್ಟ. ಆ ಮಾತು ನನಗೆ ಹಿಡಿಸಲಿಲ್ಲ. ಆದರೂ ಅವನು ಹೋದದ್ದು ನಷ್ಟವೇ. ಅವನಷ್ಟು ಓದಿಕೊಂಡವರು ನಮ್ಮಲ್ಲಿ ಯಾರೂ ಇರಲಿಲ್ಲ.

ಮೂರನೇ ವಾರ ರಾಯಚೂರು ಕಡೆಯ ಗೆಳೆಯನ ಸರದಿ. ಒಂದೂವರೆ ವರ್ಷದಿಂದ ಗುಂಪಿನಲ್ಲಿದ್ದರೂ ಅವನು ಬರೆದದ್ದು ಬರೀ ಸ್ಮೈಲಿಗಳು. 'ನಮ್ಮ ಕಡೀದು ಕೇಳಿದ್ರ ನಿಮಗ್ಯಾರಿಗೆ ಗೊತ್ತಾಗ್ತದಲೇ, ನನ್ನ ಬಿಡ್ರಿ' ಎಂದು ಜಾರಿಕೊಳ್ಳಲು ನೋಡಿದ. ಬಿಡಲಿಲ್ಲ. ಆ ರಾತ್ರಿ ಅವನು ಹಾಕಿದ ಪ್ರಶ್ನೆ ಇದು:

'1915ರಲ್ಲಿ ನಮ್ಮ ಜಿಲ್ಲೆಯಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಇಂಜಿನಿಯರ್ ಒಬ್ಬನಿಗೆ ಬಂಡೆಯ ಮೇಲೆ ಬರಹ ಕಂಡಿತು. ಅದನ್ನು ಓದಿದಾಗ ಒಂದು ಹೆಸರು ಸಿಕ್ಕಿತು. ಆ ಹೆಸರು ಇಡೀ ದೇಶಕ್ಕೆ ಪರಿಚಿತ. ಆದರೆ ಅವನದೇ ಬೇರೆ ಶಾಸನಗಳಲ್ಲಿ ಅಲ್ಲಿಯವರೆಗೆ ಬಿರುದುಗಳಷ್ಟೇ ಸಿಕ್ಕಿದ್ದವು. ಯಾರು?'

ನಾನು ಹೊರಳಾಡಿದೆ. ಪುಲಕೇಶಿ ಎಂದೆ, ಅಮೋಘವರ್ಷ ಎಂದೆ. ಸರಿಯಾಗಿ ಹೇಳಿದ್ದು ಮೊದಲ ವರ್ಷದ ಹುಡುಗ. ಬಿರುದುಗಳು, ಬಂಡೆ ಶಾಸನ, ಇಡೀ ದೇಶ ಎಂಬ ಮೂರನ್ನು ಜೋಡಿಸಿ ಅಶೋಕ ಎಂದು ಊಹಿಸಿದ್ದನಂತೆ. ಅದು ಮಸ್ಕಿಯ ಶಾಸನ. ಕಂಡುಹಿಡಿದವನು ಸಿ. ಬೀಡನ್. 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂದು ಕರೆದುಕೊಂಡ ರಾಜ ಅಶೋಕನೇ ಇರಬೇಕು ಎಂದು ಸಿಂಹಳದ ಗ್ರಂಥಗಳ ನೆರವಿನಿಂದ ವಿದ್ವಾಂಸರು ಮೊದಲೇ ಲೆಕ್ಕ ಹಾಕಿದ್ದರು. ಕಲ್ಲಿನ ಮೇಲೆ ಆ ಹೆಸರೇ ಸಿಕ್ಕಿದ್ದು ಮಸ್ಕಿಯಲ್ಲಿ. ನಮ್ಮ ಗೆಳೆಯ ಶಾಲೆಯಲ್ಲಿದ್ದಾಗ ಅಲ್ಲಿಗೆ ಪ್ರವಾಸ ಹೋಗಿದ್ದನಂತೆ. ಉತ್ತರದ ಜೊತೆ ಅವನು ಬರೆದ ವಿವರಣೆ ಒಂದು ಪುಟವಿತ್ತು. ಒಂದೂವರೆ ವರ್ಷ ಬಾಯಿ ಮುಚ್ಚಿಕೊಂಡಿದ್ದ ಹುಡುಗ!

ಗೆದ್ದವರೇ ಕೇಳಬೇಕೆಂಬ ನಿಯಮ ಮುಂದುವರಿದಿದ್ದರೆ ಆ ಪ್ರಶ್ನೆ ನಮ್ಮ ಗುಂಪಿಗೆ ಬರುತ್ತಲೇ ಇರಲಿಲ್ಲ. ನನ್ನ ಅಭಿಪ್ರಾಯ ಬದಲಾದದ್ದು ಅಲ್ಲೇ.

ನನ್ನ ಸರದಿ ಬಂದಾಗ ಶಿವನಸಮುದ್ರಕ್ಕೇ ಮರಳಿದೆ. 'ಮೊದಲ' ಎಂಬ ಪದದ ಸಹವಾಸ ಬಿಟ್ಟು ಹೀಗೆ ಕೇಳಿದೆ: '1902ರಲ್ಲಿ ಶಿವನಸಮುದ್ರದಿಂದ ಹೊರಟ ವಿದ್ಯುತ್ ತಂತಿ ಹತ್ತಿರದ ಮೈಸೂರಿಗೆ ಹೋಗಲಿಲ್ಲ, ಬೆಂಗಳೂರಿಗೂ ಹೋಗಲಿಲ್ಲ. ಸುಮಾರು 147 ಕಿ.ಮೀ. ದೂರದ ಊರೊಂದಕ್ಕೆ ಹೋಯಿತು. ಅಲ್ಲಿ ಬೇಕಾಗಿದ್ದುದು ಬೆಳಕು ಮಾತ್ರ ಅಲ್ಲ. ಯಾವ ಊರು, ಏಕೆ?' ಒಬ್ಬ ಭದ್ರಾವತಿ ಎಂದ. ಆದರೆ ಅಲ್ಲಿನ ಕಬ್ಬಿಣದ ಕಾರ್ಖಾನೆ ಶುರುವಾಗಿದ್ದು 1923ರಲ್ಲಿ. ಮೆಕ್ಯಾನಿಕಲ್ ಗೆಳೆಯ ಬೇರೆ ದಾರಿ ಹಿಡಿದ. ಹಗಲು ರಾತ್ರಿ ನಿಲ್ಲದೆ ಯಂತ್ರ ಓಡಬೇಕು, ಆ ಕಾಲದಲ್ಲೇ ಅಷ್ಟು ದೂರ ತಂತಿ ಎಳೆಸುವಷ್ಟು ದುಡ್ಡೂ ಇರಬೇಕು, ಅಂಥ ಜಾಗ ಯಾವುದು ಎಂದು ಯೋಚಿಸಿ ಕೋಲಾರದ ಚಿನ್ನದ ಗಣಿ ಎಂದು ಬರೆದ. ಆಳದ ಗಣಿಯಿಂದ ನೀರೆತ್ತಬೇಕು, ಅದಿರು ಎತ್ತಬೇಕು, ಅದನ್ನು ಪುಡಿ ಮಾಡಬೇಕು. ಬೆಂಗಳೂರಿಗೆ ವಿದ್ಯುತ್ ದೀಪ ಬಂದಿದ್ದು 1905ರಲ್ಲಿ. (ಅವನ ಪ್ರಶ್ನೆಯಲ್ಲೂ ಚಿನ್ನ, ನನ್ನದರಲ್ಲೂ ಚಿನ್ನ. ನಕಲು ಮಾಡಿದ್ದಲ್ಲ, ಹಾಗೇ ಆಯಿತು.)

ಈ ಒಂದು ಪ್ರಶ್ನೆಗಾಗಿ ನಾನು ಮೂರು ಸಂಜೆ ಓದಿದೆ. ಇಷ್ಟು ದೂರದ ಪ್ರಸರಣಕ್ಕೆ ವೋಲ್ಟೇಜ್ ಏಕೆ ಏರಿಸಬೇಕು ಎಂದು ಪವರ್ ಸಿಸ್ಟಮ್ಸ್ ಪುಸ್ತಕದಲ್ಲಿ ಸೂತ್ರ ಬರೆದು ಅಂಕ ಪಡೆದಿದ್ದೆ. ಅದು ನಮ್ಮೂರ ಹತ್ತಿರದಿಂದಲೇ ಹೊರಟ ತಂತಿಯ ಕಥೆ ಎಂದು ಆವರೆಗೆ ಹೊಳೆದಿರಲಿಲ್ಲ.

ಸರದಿಯೇನೂ ಹೊಸದಲ್ಲ. ನಮ್ಮ ಅಜ್ಜಿ ಕರೆಂಟ್ ಹೋದಾಗ ಜಗುಲಿಯಲ್ಲಿ ಮೊಮ್ಮಕ್ಕಳನ್ನು ಕೂರಿಸಿಕೊಂಡು ಒಗಟು ಹೇಳಿಸುತ್ತಿದ್ದರು. ಬಿಡಿಸಿದವರೂ ಹೇಳಬೇಕು, ಬಿಡಿಸದವರೂ ಹೇಳಬೇಕು. ಒಗಟೇ ಬಾರದ ನನ್ನ ಚಿಕ್ಕ ತಂಗಿ ಪ್ರತಿ ಸಲವೂ ತೆಂಗಿನಕಾಯಿಯನ್ನೇ ಸುತ್ತಿ ಬಳಸಿ ಕೇಳುತ್ತಿದ್ದಳು, ನಾವೆಲ್ಲ ಗೊತ್ತಿಲ್ಲದವರಂತೆ ತಲೆ ಕೆರೆದುಕೊಳ್ಳುತ್ತಿದ್ದೆವು. ಬೆಂಗಳೂರಿನಲ್ಲಿ 1983ರಿಂದ ಇರುವ ಕರ್ನಾಟಕ ಕ್ವಿಜ್ ಅಸೋಸಿಯೇಷನ್‌ನಲ್ಲೂ ಸದಸ್ಯರೇ ಪ್ರಶ್ನೆ ಸಿದ್ಧಪಡಿಸಿ ನಡೆಸುವ ರೂಢಿಯಿದೆ. ಇವತ್ತು ಉತ್ತರಿಸಲು ಕೂತವರು ಇನ್ನೊಂದು ದಿನ ಪ್ರಶ್ನೆ ಹಿಡಿದು ಎದುರು ನಿಲ್ಲುತ್ತಾರೆ. ಚಂದನ ವಾಹಿನಿಯಲ್ಲಿ 2002ರಲ್ಲಿ ಶುರುವಾದ 'ಥಟ್ ಅಂತ ಹೇಳಿ'ಯನ್ನು ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನೋಡುತ್ತಿದ್ದೆವು. ಡಾ. ನಾ. ಸೋಮೇಶ್ವರ ಅವರು ಉತ್ತರದ ಹಿಂದಿನ ಸಂಗತಿಯನ್ನು ವಿವರಿಸುವಾಗ ಅಪ್ಪ ಟಿವಿ ಸದ್ದು ಜಾಸ್ತಿ ಮಾಡುತ್ತಿದ್ದರು. ಬಹುಮಾನದ ಪುಸ್ತಕ ಯಾರಿಗೆ ಹೋಯಿತು ಎಂಬುದು ಅವರಿಗೆ ಮುಖ್ಯವಾಗಿರಲಿಲ್ಲ.

ನಾವು ಓದಿದ ರೀತಿಯನ್ನೇ ನೋಡಿ. ಒಂದನೇ ತರಗತಿಯಿಂದ ಇಲ್ಲಿಯವರೆಗೆ ಉತ್ತರಿಸುವುದಷ್ಟೇ ನಮ್ಮ ಕೆಲಸ. ಪರೀಕ್ಷೆಗೆ ಮುನ್ನ ಸೀನಿಯರ್‌ಗಳಿಂದ ಹಳೆಯ ಪ್ರಶ್ನೆಪತ್ರಿಕೆ, 'ಇಂಪಾರ್ಟೆಂಟ್' ಪಟ್ಟಿ. ಪ್ಲೇಸ್‌ಮೆಂಟ್ ಬಂದರೆ ಆ್ಯಪ್ಟಿಟ್ಯೂಡ್ ಪುಸ್ತಕ. ಕಳೆದ ವರ್ಷ ಒಬ್ಬ ಸೀನಿಯರ್ ಅಣ್ಣ ಹೇಳಿದ್ದು ನೆನಪಿದೆ. ಸಂದರ್ಶನದಲ್ಲಿ ಎಲ್ಲಕ್ಕೂ ಚೆನ್ನಾಗಿ ಉತ್ತರಿಸಿದನಂತೆ. ಕೊನೆಗೆ 'ನಮ್ಮನ್ನು ಏನಾದರೂ ಕೇಳುವುದಿದೆಯೇ?' ಎಂದಾಗ ಬೆವರಿ, 'ಇಲ್ಲ ಸರ್, ಥ್ಯಾಂಕ್ಯೂ' ಎಂದು ಎದ್ದು ಬಂದನಂತೆ. ಅವನನ್ನು ನೋಡಿ ನಕ್ಕವರಲ್ಲಿ ನಾನೂ ಇದ್ದೆ. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ.

ಹಾಗೆಂದು ಸರದಿಯಿಂದ ಎಲ್ಲವೂ ಸರಿಹೋಗಿದೆ ಎನ್ನಲಾರೆ. ಇಬ್ಬರು ಈಗಲೂ ಕೊನೆಯ ಗಳಿಗೆಯಲ್ಲಿ ಏನೋ ಒಂದು ಹಾಕಿ ಕೈತೊಳೆದುಕೊಳ್ಳುತ್ತಾರೆ. ಗುಂಪು ಬಿಟ್ಟವನು ವಾಪಸ್ ಬಂದಿಲ್ಲ. ಮೊನ್ನೆ ಲೈಬ್ರರಿಯಲ್ಲಿ ಸಿಕ್ಕಾಗ ಮಸ್ಕಿ ಪ್ರಶ್ನೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು 'ಚೆನ್ನಾಗಿದೆ, ಯಾರು ಮಾಡಿದ್ದು?' ಎಂದ. ಹೆಸರು ಹೇಳಿದೆ. 'ಅವನಾ?' ಎಂದ.

ನಾಳೆ ಸರದಿ ಆ ಮೊದಲ ವರ್ಷದ ಹುಡುಗನದು. ಬೆಳಿಗ್ಗೆ ಮೆಸ್‌ನಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ಬಂದು ಪಕ್ಕ ಕೂತ. 'ಅಣ್ಣಾ, ಎರಡು ಕಡೆ ನೋಡ್ಲೇಬೇಕಾ? ಒಂದು ಕಡೆ ಪಕ್ಕಾ ಸಿಕ್ಕಿದೆ' ಎಂದ. ಪ್ರಶ್ನೆಯಲ್ಲಿ 'ಮೊದಲ' ಅಂತ ಇದೆಯಾ ಎಂದು ಕೇಳಿದೆ. ಇದೆ ಎಂದ. ಹಾಗಾದರೆ ಮೂರು ಕಡೆ ನೋಡು ಎಂದು ಹೇಳಿ ಕಳಿಸಿದ್ದೇನೆ.