ಬ್ರೇಕಿಗೆ ಬಲ ಕೊಡುವ ಗಾಳಿ

ಬ್ರೇಕಿನ ಪೆಡಲು ಕಲ್ಲಿನಂತಾಗಿದೆ, ಎಷ್ಟು ತುಳಿದರೂ ಗಾಡಿ ನಿಲ್ಲಲೊಲ್ಲದು ಎಂಬ ದೂರನ್ನು ಹೊತ್ತು ಕಾರಿನ ಒಡೆಯರು ಗ್ಯಾರೇಜಿಗೆ ಬರುವುದುಂಟು. ಎಷ್ಟೋ ಸಲ ಅಲ್ಲಿ ಮೊದಲು ನಡೆಯುವ ಕೆಲಸವೆಂದರೆ ಚಕ್ರಗಳನ್ನು ಕಳಚಿ ಬ್ರೇಕಿನ ಪ್ಯಾಡುಗಳನ್ನು ಬದಲಾಯಿಸುವುದು. ಹಣ ವೆಚ್ಚವಾಗುತ್ತದೆ, ಪೆಡಲು ಮಾತ್ರ ಕಲ್ಲಾಗಿಯೇ ಉಳಿಯುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ಇಂಥ ಚಿಕಿತ್ಸೆಗೆ ಚೆನ್ನಾಗಿ ಒಪ್ಪುತ್ತದೆ. ರೋಗವು ಚಕ್ರದಲ್ಲಿರದೆ ಎಂಜಿನಿನಲ್ಲಿಯೂ ಇರಬಹುದು. ಅಳೆದು ನೋಡದೆ ಯಾವ ಭಾಗವನ್ನೂ ಬದಲಾಯಿಸತಕ್ಕದ್ದಲ್ಲ. ಇದು ನಮ್ಮ ಅಭಿಪ್ರಾಯ.

ಭಾರವಾದ ಕಾರನ್ನು ಕಾಲಿನ ಬಲವೊಂದರಿಂದಲೇ ತಡೆಯುವುದು ಪ್ರಯಾಸದ ಕೆಲಸ. ಆದುದರಿಂದ ವಾಯುಮಂಡಲವನ್ನೇ ನೆರವಿಗೆ ಕರೆಯುವ ಉಪಾಯ ಹುಟ್ಟಿತು. ಬೆಲ್ಜಿಯಮಿನ ಆಲ್ಬರ್ಟ್ ಡೆವಾಂಡ್ರ್ ರೂಪಿಸಿದ ಇಂಥದೊಂದು ಸಾಧನವು ೧೯೨೭ರಲ್ಲಿ ಬಾಷ್ ಕಂಪನಿಯ ಮೂಲಕ ಬಳಕೆಗೆ ಬಂದಿತು. ಇಂದು ಅದರ ಸಂತತಿಯನ್ನು ಬೂಸ್ಟರು ಎಂದು ಕರೆಯುತ್ತೇವೆ. ಬಾನೆಟ್ಟನ್ನು ಎತ್ತಿದರೆ, ಚಾಲಕನ ಮುಂಭಾಗದಲ್ಲಿ, ಮುಚ್ಚಿದ ಬಾಣಲೆಯಂತೆ ಕಾಣುವ ಕಪ್ಪು ಡಬ್ಬಿಯೇ ಅದು. ಅದರೊಳಗೆ ರಬ್ಬರಿನ ಪೊರೆಯೊಂದಿದ್ದು, ಡಬ್ಬಿಯನ್ನು ಎರಡು ಕೋಣೆಗಳಾಗಿ ವಿಭಾಗಿಸುತ್ತದೆ. ಪೆಡಲನ್ನು ತುಳಿಯದಿರುವಾಗ ಎರಡು ಕೋಣೆಗಳಲ್ಲಿಯೂ ಗಾಳಿ ವಿರಳವಾಗಿರುತ್ತದೆ. ತುಳಿದೊಡನೆ ಹಿಂದಿನ ಕೋಣೆಗೆ ಹೊರಗಿನ ಗಾಳಿ ನುಗ್ಗಿ ಪೊರೆಯನ್ನು ಮುಂದಕ್ಕೆ ನೂಕುತ್ತದೆ. ನಮ್ಮ ಕಾಲಿನ ಬಲಕ್ಕೆ ಗಾಳಿಯ ಬಲ ಕೂಡುತ್ತದೆ.

ಈ ನಿರ್ವಾತವನ್ನು ಉಂಟುಮಾಡುವವರಾರು? ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ ಎಂಜಿನೇ. ಪಿಸ್ಟನ್ನು ಕೆಳಗಿಳಿಯುವಾಗ ಗಾಳಿಯನ್ನು ಎಳೆದುಕೊಳ್ಳುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಗಾಳಿಯ ದಾರಿ ಬಹುಮಟ್ಟಿಗೆ ಮುಚ್ಚಿರುವುದರಿಂದ, ಮ್ಯಾನಿಫೋಲ್ಡ್ ಎಂಬ ಕೊಳವೆಯಲ್ಲಿ ಗಾಳಿ ವಿರಳವಾಗುತ್ತದೆ. ಆರೋಗ್ಯವಾದ ಎಂಜಿನು ನಿಂತಲ್ಲೇ ಮೆಲ್ಲನೆ ಓಡುತ್ತಿರುವಾಗ, ಸಮುದ್ರಮಟ್ಟದಲ್ಲಿ, ಸುಮಾರು ೪೫೦ರಿಂದ ೫೩೦ ಮಿಲಿಮೀಟರ್ ಪಾದರಸದಷ್ಟು ನಿರ್ವಾತವನ್ನು ತೋರಿಸುತ್ತದೆ.

ಒಂದು ಸಣ್ಣ ಲೆಕ್ಕವನ್ನು ನೋಡೋಣ. ಪೊರೆಯ ವ್ಯಾಸ ೨೫ ಸೆಂಟಿಮೀಟರ್ ಆದರೆ ವಿಸ್ತೀರ್ಣ ಸುಮಾರು ೪೯೦ ಚದರ ಸೆಂಟಿಮೀಟರ್. ೫೦೦ ಮಿಲಿಮೀಟರ್ ನಿರ್ವಾತವಿದ್ದರೆ ಪೂರ್ತಿ ತುಳಿದಾಗ ಗಾಳಿಯ ನೂಕುಬಲ ೩೩೦ ಕಿಲೋಗ್ರಾಂ ತೂಕಕ್ಕೆ ಸಮನಾಗುತ್ತದೆ. ನಿರ್ವಾತ ೨೫೦ಕ್ಕೆ ಇಳಿದರೆ ನೆರವೂ ಅರ್ಧಕ್ಕಿಳಿಯುತ್ತದೆ. ಆ ಕೊರತೆಯನ್ನು ಹೊಸ ಪ್ಯಾಡುಗಳು ತುಂಬಿಕೊಡಲಾರವು.

ದೋಷವನ್ನು ಗುರುತಿಸಲು ಪಾಂಡಿತ್ಯವೇನೂ ಬೇಡ. ಪೆಡಲು ಹೂವಿನಂತೆ ಮೆತ್ತಗಾಗಿ ಕೆಳಕ್ಕಿಳಿಯುತ್ತಿದ್ದರೆ ಬ್ರೇಕ್ ಎಣ್ಣೆಯ ಸೋರಿಕೆಯನ್ನೋ ಅದರಲ್ಲಿ ಸೇರಿದ ಗಾಳಿಯನ್ನೋ ಶಂಕಿಸಬೇಕು. ಕಲ್ಲಿನಂತಾಗಿದ್ದರೆ ಮೊದಲು ನಿರ್ವಾತವನ್ನು ಶಂಕಿಸಬೇಕು. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕು ಎಳೆದು, ಎಂಜಿನನ್ನು ಆರಿಸಿ, ಪೆಡಲು ಗಟ್ಟಿಯಾಗುವವರೆಗೆ ನಾಲ್ಕೈದು ಸಲ ತುಳಿಯಿರಿ. ಹಾಗೆಯೇ ತುಳಿದುಕೊಂಡು ಎಂಜಿನನ್ನು ಹೊರಡಿಸಿರಿ. ಪೆಡಲು ತುಸು ಕೆಳಗಿಳಿದರೆ ಗಾಳಿಯ ನೆರವು ಬರುತ್ತಿದೆಯೆಂದರ್ಥ. ಇಳಿಯದಿದ್ದರೆ ನಿರ್ವಾತಮಾಪಕವನ್ನು ತರಿಸಬೇಕು.

ಮಾಪಕವನ್ನು ಮ್ಯಾನಿಫೋಲ್ಡಿಗೆ ಒಮ್ಮೆ, ಬೂಸ್ಟರಿಗೆ ಹೋಗುವ ರಬ್ಬರ್ ಪೈಪಿನ ತುದಿಗೆ ಒಮ್ಮೆ ಜೋಡಿಸಿ ನೋಡಬೇಕು. ಮೊದಲಲ್ಲಿ ಸರಿಯಾಗಿದ್ದು ಎರಡನೆಯದರಲ್ಲಿ ಕಡಿಮೆಯಾದರೆ ಪೈಪು ಬಿರಿದಿದೆ, ಇಲ್ಲವೆ ಏಕಮುಖ ವಾಲ್ವು ಕೆಟ್ಟಿದೆ. ಎರಡೂ ಕಡೆ ಸರಿಯಿದ್ದರೆ ಬೂಸ್ಟರನ್ನೇ ಪರೀಕ್ಷಿಸಬೇಕು. ಮ್ಯಾನಿಫೋಲ್ಡಿನಲ್ಲೇ ಕಡಿಮೆಯಿದ್ದರೆ ರೋಗಿ ಎಂಜಿನು: ಗ್ಯಾಸ್ಕೆಟ್ಟಿನ ಸೋರಿಕೆ, ತಡವಾಗಿ ಹೊತ್ತುವ ಕಿಡಿ, ಸರಿಯಾಗಿ ಮುಚ್ಚದ ವಾಲ್ವು, ಕಟ್ಟಿಕೊಂಡ ಹೊಗೆಕೊಳವೆ, ಇವುಗಳಲ್ಲಿ ಯಾವುದಾದರೂ ಕಾರಣವಾಗಿರಬಹುದು.

ಇಲ್ಲಿ ಭೂಗೋಳವನ್ನೂ ಮರೆಯುವಂತಿಲ್ಲ. ಮಂಗಳೂರಿನಲ್ಲಿ ಗಾಳಿಯ ಒತ್ತಡ ಸುಮಾರು ೭೬೦ ಮಿಲಿಮೀಟರ್. ಸಮುದ್ರಮಟ್ಟದಿಂದ ೯೦೦ ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು ಸುಮಾರು ೬೮೦. ಆದಕಾರಣ ಅದೇ ಎಂಜಿನು ಬೆಂಗಳೂರಿನಲ್ಲಿ ಸುಮಾರು ೭೫ ಮಿಲಿಮೀಟರ್ ಕಡಿಮೆ ತೋರಿಸಿದರೆ ಅದು ಎಂಜಿನಿನ ತಪ್ಪಲ್ಲ. ಅಳೆಯುವುದರ ಜೊತೆಗೆ ಅಳತೆಯ ಅರ್ಥವನ್ನೂ ತಿಳಿದಿರಬೇಕು.

ನಿರ್ವಾತದ ತೊಟ್ಟಿಯನ್ನೋ ವಿದ್ಯುತ್ ಪಂಪನ್ನೋ ಜೋಡಿಸಿದರೆ ಸಾಲದೆ ಎಂದು ಕೆಲವರು ಕೇಳುತ್ತಾರೆ. ಡೀಸೆಲ್ ಎಂಜಿನು ಸ್ವಭಾವತಃ ಸಾಕಷ್ಟು ನಿರ್ವಾತವನ್ನು ಕೊಡದು. ಅದಕ್ಕೆ ಪಂಪು ನ್ಯಾಯವಾಗಿ ಬೇಕು. ವಿದ್ಯುತ್ ಕಾರಿನಲ್ಲಿಯೂ ಬ್ರೇಕಿನ ನೆರವಿಗೆ ಬೇರೆ ಏರ್ಪಾಡು ಬೇಕು. ಪಂದ್ಯದ ಕ್ಯಾಮ್‌ಶಾಫ್ಟನ್ನು ಹಾಕಿಸಿಕೊಂಡವರ ಎಂಜಿನಿಗೂ ಅದೇ ಮಾತು. ಆದರೆ ಕಾಯಿಲೆ ಬಿದ್ದ ಎಂಜಿನಿಗೆ ಪಂಪು ಕಟ್ಟುವುದು ರೋಗವನ್ನು ಮುಚ್ಚಿಡುವುದಷ್ಟೆ. ತೊಟ್ಟಿಯಂತೂ ಎಂಜಿನು ಕೊಟ್ಟಷ್ಟನ್ನೇ ಕೂಡಿಡಬಲ್ಲುದು. ಬಡವಾದ ಬಾವಿಯ ನೀರು ದೊಡ್ಡ ಹಂಡೆ ಇಟ್ಟ ಮಾತ್ರಕ್ಕೆ ಹೆಚ್ಚುವುದುಂಟೆ?

ಇದು ಕೇವಲ ಹಣದ ಮಾತಲ್ಲ. ಆಗುಂಬೆ, ಶಿರಾಡಿ, ಚಾರ್ಮಾಡಿಗಳಂಥ ಘಟ್ಟಗಳಲ್ಲಿ ಪೆಟ್ರೋಲು ಉಳಿಸಲೆಂದು ಎಂಜಿನನ್ನು ಆರಿಸಿ ಇಳಿಯುವ ಚಾಳಿ ಕೆಲವರಿಗಿದೆ. ಎಂಜಿನು ಆರಿದ ಮೇಲೆ ಬೂಸ್ಟರಿನಲ್ಲಿ ಉಳಿಯುವ ನಿರ್ವಾತ ಎರಡು ಮೂರು ಸಲದ ತುಳಿತಕ್ಕೆ ಸಾಲುವಷ್ಟು ಮಾತ್ರ. ತಿರುವುಗಳು ಅದಕ್ಕಿಂತ ಬಹಳ ಹೆಚ್ಚು. ಅಕಸ್ಮಾತ್ತಾಗಿ ನೆರವು ತಪ್ಪಿದರೂ ಬ್ರೇಕು ಸತ್ತುಹೋಗುವುದಿಲ್ಲ. ಪೆಡಲನ್ನು ಮೇಲಿಂದ ಮೇಲೆ ತುಳಿದು ಉಳಿದಿರುವ ನಿರ್ವಾತವನ್ನೂ ಕಳೆದುಕೊಳ್ಳದೆ, ಮೈಬಲವನ್ನೆಲ್ಲ ಹಾಕಿ ಒಂದೇ ಸಮನೆ ಒತ್ತಿ ಹಿಡಿಯಬೇಕು. ಕೆಳಗಿನ ಗೇರಿಗೆ ಬರಬೇಕು.

ಚಾಲನೆಯನ್ನು ಕಲಿಸುವ ಶಾಲೆಗಳು ಚಕ್ರ ತಿರುಗಿಸುವುದನ್ನು ಕಲಿಸುತ್ತವೆ, ಸಂಕೇತಗಳನ್ನು ಬಾಯಿಪಾಠ ಮಾಡಿಸುತ್ತವೆ. ಅರ್ಧ ನಿಮಿಷದ ಈ ಪೆಡಲಿನ ಪರೀಕ್ಷೆಯನ್ನೂ ಅವು ಕಲಿಸಲಿ. ಗ್ಯಾರೇಜುಗಳು ಸ್ಪ್ಯಾನರನ್ನು ಕೈಗೆತ್ತಿಕೊಳ್ಳುವ ಮೊದಲು ಮಾಪಕವನ್ನು ಎತ್ತಿಕೊಳ್ಳಲಿ. ಘಟ್ಟ ಇಳಿಯಲು ಹೊರಡುವವರು ಮನೆಯ ಮುಂದೆಯೇ ಒಮ್ಮೆ ಪೆಡಲನ್ನು ಪರೀಕ್ಷಿಸಿ ಹೊರಡುವುದು ಲೇಸೆಂದು ನಾವು ಭಾವಿಸುತ್ತೇವೆ.