ಕಾಡಿನ ಬಂಗಲೆ ಕಲ್ಯಾಣ ಮಂಟಪವಲ್ಲ

ಮದುವೆ, ಹುಟ್ಟುಹಬ್ಬ, ಗೆಳೆಯರ ಕೂಟಗಳನ್ನು ರಾಷ್ಟ್ರೀಯ ಉದ್ಯಾನದೊಳಗಿನ ಸರ್ಕಾರಿ ಬಂಗಲೆಯಲ್ಲಿ ಏಕೆ ನಡೆಸಬಾರದು? ಕಟ್ಟಡ ಮೊದಲೇ ಇದೆ. ಒಂದು ಮರವನ್ನೂ ಕಡಿಯಬೇಕಿಲ್ಲ. ಬಾಡಿಗೆಯೂ ಸರ್ಕಾರಕ್ಕೇ ಸೇರುತ್ತದೆ. ನ್ಯಾಯವೆಂದೇ ತೋರುವ ಈ ಪ್ರಶ್ನೆಗೆ ನಾಗರಹೊಳೆಯಲ್ಲಿ ಉತ್ತರವಿದೆ.

643 ಚದರ ಕಿಲೋಮೀಟರಿನ ಆ ಉದ್ಯಾನದ ಮೂರ್ಕಲ್ ಎಂಬಲ್ಲಿದ್ದ ಕಟ್ಟಡಗಳನ್ನು 1990ರ ದಶಕದಲ್ಲಿ ಸರ್ಕಾರ ಖಾಸಗಿ ಹೋಟೆಲ್ ಕಂಪನಿಯೊಂದಕ್ಕೆ ಗುತ್ತಿಗೆ ಕೊಟ್ಟಿತು. ತಲೆತಲಾಂತರದಿಂದ ಅಲ್ಲಿ ಬಾಳಿದ ಜೇನುಕುರುಬರು, ಬೆಟ್ಟಕುರುಬರು ಕಾಡು ಬಿಡಬೇಕು, ಹಣವಂತ ಅತಿಥಿಗಳು ಮಾತ್ರ ಒಳಗೆ ಬರಬಹುದು ಎಂಬಂತಾಯಿತು. ಆದಿವಾಸಿಗಳು ಪ್ರತಿಭಟಿಸಿದರು. ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ ಹೈಕೋರ್ಟಿನ ಮೆಟ್ಟಿಲೇರಿತು. ಅರಣ್ಯಭೂಮಿಯನ್ನು ಖಾಸಗಿಯವರಿಗೆ ವಹಿಸಲು 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಂತೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು. ಅದಿಲ್ಲದ ಈ ಗುತ್ತಿಗೆ ಕಾನೂನಿಗೆ ವಿರುದ್ಧವೆಂದು 1997ರಲ್ಲಿ ಹೈಕೋರ್ಟ್ ತೀರ್ಪಿತ್ತಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಇಂಥ ಕಾಡಿನೊಳಗೆ ಹೋಗಲು ಯಾವ ಕಾರಣಕ್ಕೆ ಅನುಮತಿ ಕೊಡಬಹುದೆಂದು ಪಟ್ಟಿ ಮಾಡಿದೆ: ವನ್ಯಜೀವಿಗಳ ಅಧ್ಯಯನ, ಛಾಯಾಗ್ರಹಣ, ವೈಜ್ಞಾನಿಕ ಸಂಶೋಧನೆ, ಪ್ರವಾಸ, ಅಲ್ಲಿನ ನಿವಾಸಿಗಳೊಂದಿಗೆ ನ್ಯಾಯಬದ್ಧ ವ್ಯವಹಾರ. ಈ ಪಟ್ಟಿಯಲ್ಲಿ ಮದುವೆಯ ಹೆಸರಿಲ್ಲ.

ಕಾನೂನಿನ ಹಿಂದೆ ವಿಜ್ಞಾನವಿದೆ. ಸಮಾರಂಭ ಗೋಡೆಯೊಳಗೆ ನಿಲ್ಲುವುದಿಲ್ಲ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆ ಶಬ್ದ ಸುಮಾರು 6 ಡೆಸಿಬೆಲ್‌ನಷ್ಟು ಮಾತ್ರ ಇಳಿಯುತ್ತದೆ. ಧ್ವನಿವರ್ಧಕದಿಂದ 10 ಮೀಟರ್ ದೂರದಲ್ಲಿ 90 ಡೆಸಿಬೆಲ್ ಇದ್ದರೆ, 640 ಮೀಟರ್ ದೂರದಲ್ಲೂ 54 ಉಳಿಯುತ್ತದೆ. ಹೆಚ್ಚುಕಡಿಮೆ ಇಬ್ಬರು ಮಾತನಾಡುವಷ್ಟು ಸದ್ದು ಅದು! ಇದರ ಮೇಲೆ ರಾತ್ರಿಯ ದೀಪಗಳು, ವಾಹನಗಳ ಸಾಲು, ಎಂಜಲೆಲೆಯ ವಾಸನೆ ಬೇರೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ರಾಷ್ಟ್ರೀಯ ಉದ್ಯಾನವಿಲ್ಲ, ನಿಜ. ಆದರೆ ಕೂಡ್ಲಿಗಿ ತಾಲ್ಲೂಕಿನಲ್ಲಿ ಗುಡೇಕೋಟೆ ಕರಡಿಧಾಮವಿದೆ. ಹಗಲು ಬಂಡೆಗಳ ಸಂದಿಯಲ್ಲಿ ಮಲಗುವ ಕರಡಿ, ಸಂಜೆಯಾದ ಮೇಲೆ ಮೂಗಿನ ಬಲದಿಂದ ಗೆದ್ದಲು, ಹಣ್ಣು ಹುಡುಕುತ್ತದೆ. ಸಮಾರಂಭಗಳು ರಂಗೇರುವುದೂ ಅದೇ ಹೊತ್ತಿಗೆ. ಎಂಜಲಿನ ರುಚಿ ಕಂಡ ಕರಡಿ ಊರಿನತ್ತ ಬಂದರೆ, ಅಪಾಯ ಬೆಳಗಿನ ಜಾವ ಹೊಲಕ್ಕೆ ಹೋಗುವವರಿಗೆ. ಔತಣ ಉಂಡು ಹೋದವರಿಗಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ 2024ರಲ್ಲಿ ರಾಮ್ಸರ್ ತಾಣವಾಯಿತು. ಅಲ್ಲಿನ ಜಾಲಿಮರಗಳಲ್ಲಿ ಗೂಡು ಕಟ್ಟುವ ಕೊಕ್ಕರೆಗಳು ಪಟಾಕಿಗೆ ಬೆದರಿ ಹಾರಿದರೆ, ಮೊಟ್ಟೆ ಮರಿಗಳು ಬಿಸಿಲಿಗೂ ಕಾಗೆಗಳಿಗೂ ತೆರೆದುಕೊಳ್ಳುತ್ತವೆ.

ಪಾಲಕರು ಮಕ್ಕಳನ್ನು ಇಂಥ ಜಾಗಗಳಿಗೆ ಅಗತ್ಯವಾಗಿ ಕರೆದೊಯ್ಯಲಿ. ಅದು ನೋಡಿ ಕಲಿಯುವ ಭೇಟಿಯಾಗಿರಲಿ. ಬುತ್ತಿಯ ಕಾಗದವೂ ಮನೆಗೆ ಮರಳಲಿ. ಮದುವೆಗೆ ಊರಿನಲ್ಲಿ ಛತ್ರಗಳಿವೆ, ಕರಡಿಗೆ ಬೇರೆ ಗುಡ್ಡವಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಲೆಕ್ಕ: ಅದೇ ಧ್ವನಿವರ್ಧಕದ ಸದ್ದು 2,560 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್?